ಕೊನೆಯ ಸಾಲಿನ ಹನ್ನೊಂದು ಕೋಡು

ಕಾಂಡ್ಲಾ ಗಿಡದ ಬಗ್ಗೆ ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಬಲ್ಮಠದ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆಗಿದ್ದೆ. ಹೊಳೆ ಸಮುದ್ರಕ್ಕೆ ಸೇರುವಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಗಿಡ ಅದು. ಬೇರೆ ಮರಗಳ ಹಾಗೆ ಬೀಜ ಉದುರಿಸಿ ಕೈತೊಳೆದುಕೊಳ್ಳುವುದಿಲ್ಲ. ಬೀಜ ಕೊಂಬೆಯಲ್ಲಿರುವಾಗಲೇ ಮೊಳಕೆ ಬರಿಸಿ, ಅದನ್ನು ಮೊಳದಷ್ಟು ಉದ್ದದ ಹಸಿರು ಕೋಡಾಗಿ ಬೆಳೆಸಿ, ಆಮೇಲೆ ಕೆಸರಿಗೆ ಬಿಡುತ್ತದೆ. ಆ ಕೋಡು ಮರದಲ್ಲಿ ನೇತಾಡುವ ಚಿತ್ರವನ್ನು ನಾನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಭಾಗಗಳ ಹೆಸರು ತಪ್ಪಿದವರಿಗೆ ಅರ್ಧ ಮಾರ್ಕು ಕಡಿಮೆ.

ಕಾಲೇಜಿನಿಂದ ಹೊಳೆಗೆ ಸಿಟಿ ಬಸ್ಸಿನಲ್ಲಿ ಅರ್ಧ ಗಂಟೆ. ಒಂದು ಸಲವೂ ಮಕ್ಕಳನ್ನು ಕರೆದುಕೊಂಡು ಹೋಗಿರಲಿಲ್ಲ. ಪ್ರಿನ್ಸಿಪಾಲರ ಅನುಮತಿ ಬೇಕು, ಪೋಷಕರ ಒಪ್ಪಿಗೆ ಪತ್ರ ಬೇಕು, ಬಸ್ಸು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪೋರ್ಷನ್ ಮುಗಿಯಬೇಕು. ಹಾಗೆಂದು ನಾನು ಕಾಂಡ್ಲಾ ಗಿಡವನ್ನೇ ನೋಡಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಉಡುಪಿ ಕಡೆಗೆ ಹೋಗುವಾಗಲೆಲ್ಲ ಸೇತುವೆಯ ಮೇಲಿಂದ, ಬಸ್ಸಿನ ಕಿಟಕಿಯಲ್ಲಿ, ಚೆನ್ನಾಗಿ ನೋಡಿದ್ದೇನೆ.

ನಿವೃತ್ತಿಯಾಗಿ ಎರಡು ವರ್ಷ ಕಳೆದ ಮೇಲೆ ನಮ್ಮ ಇಗರ್ಜಿಯ ಫಾದರ್ ಒಂದು ದಿನ ಪೂಜೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿದರು. ಹೊಳೆಬದಿಯ ವಾರ್ಡಿನ ಯುವಕ ಮಂಡಲದವರೂ ನಮ್ಮ ಇಗರ್ಜಿಯ ಯುವಕ ಯುವತಿಯರೂ ಸೇರಿ ಪರಿಸರದ ಕೆಲಸ ಮಾಡಬೇಕೆಂದಿದ್ದಾರೆ, ಕಲಿಸುವವರು ಬೇಕು ಎಂದರು. "ಮೇಡಂ, ಇದರಲ್ಲಿ ನಿಮಗಿಂತ ತಿಳಿದವರು ಯಾರುಂಟು?" ಎಂದು ಕೇಳಿದರು. ನಾನು ಒಂದು ಕ್ಷಣ ಯೋಚಿಸಿದೆ. ಪ್ರಾಮಾಣಿಕವಾಗಿ ಯಾರ ಹೆಸರೂ ನೆನಪಿಗೆ ಬರಲಿಲ್ಲ. ಒಪ್ಪಿಕೊಂಡೆ.

ಮೊದಲ ತರಗತಿಯನ್ನು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟೆ. ಫಳ್ನೀರಿನ ನನ್ನ ಫ್ಲ್ಯಾಟಿನಿಂದ ಹೊರಟು, ಕೊಟ್ಟಾರ ದಾಟಿ, ಹೆದ್ದಾರಿಯಲ್ಲಿ ಇಳಿದು, ಕೊಡೆ, ನೋಟ್ ಪುಸ್ತಕ, ಹಾಜರಿ ಪಟ್ಟಿ ಹಿಡಿದು ಹೊಳೆಯ ದಂಡೆಗೆ ಹೋದರೆ ಅಲ್ಲಿ ದಂಡೆಯೇ ಇರಲಿಲ್ಲ. ನೀರು ರಸ್ತೆಯ ಅಂಚಿನವರೆಗೆ ತುಂಬಿ ನಿಂತಿತ್ತು. ಹದಿನಾಲ್ಕು ಮಂದಿ ಹುಡುಗ ಹುಡುಗಿಯರು ಬೈಕುಗಳ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಉಬ್ಬರ ಇಳಿತದ ಬಗ್ಗೆಯೂ ನಾನು ಪಾಠ ಮಾಡಿದ್ದೇನೆ, ಅದು ಬೇರೆ ವಿಷಯ. ಜೀವಮಾನವಿಡೀ ಬೆಲ್ಲಿನ ಪ್ರಕಾರ ನಡೆದವಳಿಗೆ ಹೊಳೆ ಟೈಮ್‌ಟೇಬಲ್ಲಿಗೆ ಬರುವುದಿಲ್ಲ ಎಂಬುದು ಹೊಳೆದಿರಲಿಲ್ಲ. "ಮೇಡಂ, ನೀರು ಇಳಿಯುದು ಹನ್ನೆರಡು ಗಂಟೆಗೆ," ಎಂದಳು ಹೊಳೆಬದಿಯ ಮನೆಯ ಒಬ್ಬ ಹುಡುಗಿ, ತಪ್ಪು ತನ್ನದೇ ಎನ್ನುವ ಹಾಗೆ ಮೆಲ್ಲಗೆ.

ಡಿಗ್ರಿ ಎರಡನೇ ವರ್ಷದಲ್ಲಿದ್ದ ಈ ಹುಡುಗಿ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವಳು, ಎಲ್ಲರಿಗಿಂತ ಚೆಂದದ ಅಕ್ಷರದಲ್ಲಿ ನೋಟ್ಸ್ ಬರೆಯುವವಳು. ನನಗೆ ಅವಳು ಕೂಡಲೇ ಇಷ್ಟವಾದಳು. ಯಾಕೆ ಇಷ್ಟವಾದಳು ಎಂಬುದನ್ನು ಆಗ ಯೋಚಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು ಟೀಚರುಗಳಿಗೆ ಸಾಮಾನ್ಯವಾಗಿ ಇಷ್ಟವಾಗುತ್ತಾರೆ.

ನಾವು ಗಿಡ ನೆಟ್ಟದ್ದು ಮಳೆಗಾಲದ ಕೊನೆಯ ಭಾಗದಲ್ಲಿ. ಹಿಂದೆ ಕಾಂಡ್ಲಾ ತುಂಬಿದ್ದ ಒಂದು ತುಂಡು ದಂಡೆಯನ್ನು ಯಾರೋ ಯಾವುದೋ ಕಾಲದಲ್ಲಿ ಕಡಿದು ಬೋಳು ಮಾಡಿದ್ದರು. ಪಕ್ಕದಲ್ಲಿ ಉಳಿದಿದ್ದ ಮರಗಳ ಕೆಳಗಿಂದ ಹುಡುಗರು ಉದುರಿದ ಕೋಡುಗಳನ್ನು ಹೆಕ್ಕಿ ತಂದರು. ಮುನ್ನೂರರಷ್ಟು ಆದವು. ಕೆಸರು ಮೊಣಕಾಲಿನ ತನಕ. ಒಬ್ಬನ ಚಪ್ಪಲಿ ಕೆಸರಿನಲ್ಲಿ ಹೋದದ್ದು ಇವತ್ತಿನ ತನಕ ಸಿಕ್ಕಿಲ್ಲ. ನಾನು ದಂಡೆಯ ಮೇಲೆ ಕಲ್ಲಿನ ಮೇಲೆ ನಿಂತು ನಿರ್ದೇಶನ ಕೊಡುತ್ತಿದ್ದೆ. ಸೀರೆ ಉಟ್ಟಿದ್ದೆ, ಅದೊಂದು ನೆಪ.

"ಮೇಡಂ, ಯಾವ ಕಡೆ ಕೆಳಗೆ?" ಎಂದು ಯುವಕ ಮಂಡಲದ ಒಬ್ಬ ಹುಡುಗ ಕೋಡನ್ನು ಎತ್ತಿ ತೋರಿಸಿದ.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಒಂದು ತುದಿ ಸಪೂರ, ಚೂಪು. ಇನ್ನೊಂದು ತುದಿ ದಪ್ಪ, ಕಂದು ಬಣ್ಣ. ನನ್ನ ತಲೆಯಲ್ಲಿ ಅದು ಯಾವಾಗಲೂ ಮರದಲ್ಲಿ ನೇತಾಡಿಕೊಂಡೇ ಇತ್ತು. ಮರವಿಲ್ಲದೆ ಬರಿಯ ಕೋಡು ಕೈಯಲ್ಲಿ ಅಡ್ಡಡ್ಡ ಮಲಗಿದಾಗ ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲೇ ನೂರಾರು ಕೋಡುಗಳು ಮರಗಳಲ್ಲಿ ನೇತಾಡುತ್ತಿದ್ದವು. ಹತ್ತು ಹೆಜ್ಜೆ ನಡೆದು ನೋಡಿದ್ದರೂ ಮುಗಿಯುತ್ತಿತ್ತು. ಆದರೆ ಹದಿನಾಲ್ಕು ಮುಖಗಳು ನನ್ನ ಕಡೆ ತಿರುಗಿದ್ದವು, ಮತ್ತು ಕ್ಲಾಸಿನಲ್ಲಿ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಇರಲಿಲ್ಲ. "ಚೂಪಿನ ಕಡೆ ಕೆಳಗೆ. ಮೊಳೆ ಹೊಡೆದ ಹಾಗೆ," ಎಂದೆ. ಎಷ್ಟು ಸ್ಪಷ್ಟವಾಗಿ ಹೇಳಿದೆನೆಂದರೆ ಇಬ್ಬರು ಅದನ್ನು ಬರೆದುಕೊಂಡರು.

ಹೊಳೆಯ ನಡುವೆ, ಸೊಂಟದ ತನಕದ ನೀರಿನಲ್ಲಿ, ನಾಲ್ಕೈದು ಹೆಂಗಸರು ಮರುವಾಯಿ ಹೆಕ್ಕುತ್ತಿದ್ದರು. ಮರುವಾಯಿ ಎಂದರೆ ಚಿಪ್ಪಿನ ಮೀನು. ನಮ್ಮ ಮನೆಯಲ್ಲಿ ಕೊಂಕಣಿಯಲ್ಲಿ ಖುಬ್ಬೆ ಎನ್ನುತ್ತೇವೆ, ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದರೆ ನಾನು ಎರಡು ಸಲ ಅನ್ನ ಬಡಿಸಿಕೊಳ್ಳುತ್ತೇನೆ. ಹೆಂಗಸರು ಕಾಲಿನಲ್ಲಿ ತಡಕಿ, ಬಗ್ಗಿ, ಕೈಯಿಂದ ಎತ್ತಿ, ಪಕ್ಕದಲ್ಲಿ ತೇಲುವ ಅಲ್ಯೂಮಿನಿಯಂ ಪಾತ್ರೆಗೆ ಹಾಕುತ್ತಿದ್ದರು. ಅವರಲ್ಲಿ ಒಬ್ಬಾಕೆ, ತಲೆಗೆ ಬೈರಾಸು, ಅಂದರೆ ಟವಲು, ಕಟ್ಟಿಕೊಂಡಿದ್ದವಳು, ನಮ್ಮ ಕಡೆ ತಿರುಗಿ ಏನೋ ಕೂಗಿದಳು. "ಬಾಯೀ..." ಎಂದದ್ದು ಕೇಳಿಸಿತು, ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ತುಳುವರು ಕರೆಯುವುದು ಹಾಗೆ. ಮುಂದಿನ ಮಾತು ಗಾಳಿಗೆ ಹೋಯಿತು. ಆಕೆ ಅಂಗೈಯನ್ನು ಮೇಲೆ ಕೆಳಗೆ ಮಗುಚಿ ಮಗುಚಿ ತೋರಿಸಿದಳು.

ಜಾಗದ ತಕರಾರು ಎಂದುಕೊಂಡೆ. ಸೀಮೆಯೆಲ್ಲ ತಮ್ಮದು ಎನ್ನುತ್ತಾರೆ ಎಂದು ಮನಸ್ಸಿನಲ್ಲೇ ರೇಗಿದೆ. "ಅವರ ಕಡೆ ನೋಡ್ಬೇಡಿ, ನಿಮ್ಮ ಕೆಲಸ ನೋಡಿ," ಎಂದು ಹುಡುಗರಿಗೆ ಹೇಳಿದೆ. ಎಲ್ಲರೂ ತಲೆ ತಗ್ಗಿಸಿ ಮೊಳೆ ಹೊಡೆದರು.

ದೀಪಾವಳಿ ಕಳೆದು ನೋಡಲು ಹೋದಾಗ ದಂಡೆಯಲ್ಲಿ ಮುನ್ನೂರು ಒಣ ಕಡ್ಡಿಗಳು ನಿಂತಿದ್ದವು. ಸರಿಯಾಗಿ ಹೇಳಬೇಕೆಂದರೆ ಮುನ್ನೂರಕ್ಕೆ ಹನ್ನೊಂದು ಕಡಿಮೆ. ನೀರಿಗೆ ತೀರ ಹತ್ತಿರದ ಕೊನೆಯ ಸಾಲಿನಲ್ಲಿ ಹನ್ನೊಂದು ಕೋಡುಗಳು ತುದಿಯಲ್ಲಿ ಎರಡೆರಡು ಎಲೆ ಬಿಟ್ಟು, ಮಳೆಯಲ್ಲಿ ತೊಳೆದ ಹಾಗೆ ಹೊಳೆಯುತ್ತಿದ್ದವು. ಆ ಸಾಲಿನ ಪಕ್ಕದ ಕೆಸರಿನಲ್ಲಿ ಒಂದು ಬಾಗಿದ ಗೆರೆ, ಅರ್ಧ ಬಳೆಯ ಹಾಗೆ, ಸಾಲನ್ನು ಬಳಸಿ ಹೋಗಿತ್ತು. ಇದು ಇಳಿಯುವ ನೀರು ಕೊರೆದ ಗುರುತು ಎಂದು ಮಕ್ಕಳಿಗೆ ವಿವರಿಸಿದೆ. ಅದನ್ನೂ ಬರೆದುಕೊಂಡರು.

ಹುಡುಗರ ಮುಖ ಸಪ್ಪೆಯಾಗಿತ್ತು. ಆದರೆ ವಿಜ್ಞಾನ ಕಲಿತವಳು ಕಾರಣ ಹುಡುಕಬೇಕು, ಸಂಕಟಪಟ್ಟು ಕೂರಬಾರದು. ಕಾರಣ ಕಣ್ಣೆದುರೇ ಇತ್ತು. ದಿನಾಲೂ ಈ ದಂಡೆಯಿಂದ ಹೊಳೆಗೆ ಇಳಿಯುವವರು ಮರುವಾಯಿಯ ಹೆಂಗಸರು. ತುಳಿದಿದ್ದಾರೆ. ಒಂದು ಅಂಚಿನ ಸಾಲು ಮಾತ್ರ ಅವರ ಕಾಲಿಗೆ ಸಿಗದೆ ಬದುಕಿದೆ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತು ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಬರೆದೆ. "ಸದರಿ ಪ್ರದೇಶದಲ್ಲಿ ಅನಿಯಂತ್ರಿತ ಜನಸಂಚಾರದಿಂದಾಗಿ ಸಸಿಗಳು ನಾಶವಾಗಿದ್ದು, ಸಂಚಾರವಿಲ್ಲದ ಅಂಚಿನ ಸಾಲಿನಲ್ಲಿ ಮಾತ್ರ ಉಳಿದುಕೊಂಡಿರುವುದೇ ಇದಕ್ಕೆ ಪ್ರತ್ಯಕ್ಷ ಸಾಕ್ಷಿಯಾಗಿರುತ್ತದೆ" ಎಂಬ ವಾಕ್ಯ ನನಗೆ ಬಹಳ ಮೆಚ್ಚುಗೆಯಾಯಿತು. ಎಲ್ಲರಿಂದ ಸಹಿ ಹಾಕಿಸಿದೆ. ಚೆಂದದ ಅಕ್ಷರದ ಹುಡುಗಿ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. "ಎಂತ, ಸೈನ್ ಹಾಕ್ಲಿಕ್ಕೆ ಜಾಗ ಇಲ್ವಾ?" ಎಂದು ತಮಾಷೆ ಮಾಡಿದೆ. ಹಾಕಿದಳು.

ನಮ್ಮ ಫ್ಲ್ಯಾಟಿನ ಎದುರಿನ ಚರಂಡಿಯ ಬಗ್ಗೆ ನಾನು ಎರಡು ವರ್ಷದಿಂದ ಬರೆಯುತ್ತಿದ್ದೇನೆ, ಯಾರೂ ಬಂದು ಇಣುಕಿಲ್ಲ. ಈ ಅರ್ಜಿಗೆ ಮೂರು ವಾರದಲ್ಲಿ ಫಲ ಸಿಕ್ಕಿತು. ದಂಡೆಯ ಉದ್ದಕ್ಕೂ ಕಂಬ ನೆಟ್ಟು ನೀಲಿ ಬಲೆ ಕಟ್ಟಿದರು. ಪ್ರವೇಶ ನಿಷೇಧಿಸಿದೆ ಎಂದು ಬೋರ್ಡು ಹಾಕಿದರು. ಬಲೆಯ ಎದುರು ಹುಡುಗರೆಲ್ಲ ನಿಂತು ಫೋಟೋ ತೆಗೆದರು, ನಾನು ನಡುವೆ. ಅರ್ಜಿ ಎಂದರೆ ಹೀಗೆ ಬರೆಯಬೇಕು ಎಂದು ನಾನು ಅವರಿಗೆ ಅರ್ಧ ಗಂಟೆ ಹೇಳಿದೆ.

ಅದರ ಮರುವಾರ ಬೈರಾಸಿನಾಕೆ ನನಗಾಗಿ ರಸ್ತೆಯ ಬದಿಯಲ್ಲಿ ಕಾಯುತ್ತಿದ್ದಳು. ಹತ್ತಿರದಿಂದ ನೋಡಿದರೆ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಖಾಲಿ ಪಾತ್ರೆ ಸೊಂಟದಲ್ಲಿತ್ತು.

"ಬಾಯಿ, ಈ ಬಲೆ ನೀವು ಹಾಕಿಸಿದ್ದಾ?"

"ಬಲೆ ಕಚೇರಿಯವರು ಹಾಕಿದ್ದು."

"ಬರೆದು ಕೊಟ್ಟದ್ದು?"

"ನಾವು ಎಲ್ಲ ಸೇರಿ ಕೊಟ್ಟದ್ದು. ಗಿಡಗಳೆಲ್ಲ ತುಳಿದು ಸತ್ತು ಹೋಗಿವೆ ನೋಡಿ."

ಆಕೆ ಕಡ್ಡಿಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನಾವು ಇನ್ನು ಎಲ್ಲಿಂದ ಇಳಿಯುದು? ಆಚೆ ಆಳ ಉಂಟು. ಈಚೆ ಕಲ್ಲು ಕಟ್ಟಿದ್ದಾರೆ. ಮರುವಾಯಿ ಜಾಸ್ತಿ ಸಿಗುದು ಈ ನಾಲ್ಕು ತಿಂಗಳು ಮಾತ್ರ ಅಲ್ವಾ?"

ನಾನು ಸಮಾಧಾನವಾಗಿ ವಿವರಿಸಿದೆ. ಕಾಂಡ್ಲಾ ಬೆಳೆದರೆ ಅದರ ಬೇರುಗಳ ನಡುವೆ ಮೀನು ಮರಿ ಹಾಕುತ್ತದೆ, ಸಿಗಡಿ ಆಗುತ್ತದೆ, ಮರುವಾಯಿಯೂ ಹೆಚ್ಚುತ್ತದೆ, ಲಾಭ ನಿಮಗೇ. "ಐದಾರು ವರ್ಷ ತಾಳ್ಕೊಳ್ಳಿ, ಸಾಕು," ಎಂದೆ.

"ಐದಾರು ವರ್ಷ," ಎಂದಳು ಆಕೆ. "ಅಷ್ಟರ ತನಕ ಎಂತ ತಿನ್ನುದು ಬಾಯಿ?"

ನಾನು ತಡವಾಯಿತೆಂದು ಹೇಳಿ ಬಸ್ಸು ಹಿಡಿದೆ.

ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ, ಒಂದು ಭಾನುವಾರ, ಹುಡುಗರಿಗೆ ತೋರಿಸಲು ಒಂದು ಸತ್ತ ಕೋಡು ಬೇಕಾಯಿತು. ಅವರು ಇನ್ನೂ ಬಂದಿರಲಿಲ್ಲ. ನಾನು ಸೀರೆ ಎತ್ತಿಕಟ್ಟಿ, ಬಲೆ ಸರಿಸಿ, ಮೊದಲ ಸಲ ಕೆಸರಿಗೆ ಇಳಿದು ಒಂದನ್ನು ಕಿತ್ತೆ. ಕೆಸರಿನೊಳಗಿದ್ದ ಚೂಪು ತುದಿ ಕೊಳೆತು ಕಪ್ಪಾಗಿತ್ತು. ಅದು ಬೇರಲ್ಲ, ಎಲೆ ಬರಬೇಕಾದ ಮೊಗ್ಗು. ಮೇಲೆ, ಬಿಸಿಲಿಗೆ ಒಣಗಿದ ದಪ್ಪ ತುದಿಯ ಸುತ್ತ ಕೂದಲಿನಷ್ಟು ಸಣ್ಣ ಬೇರುಗಳು ಹೊರಟು, ಮಣ್ಣು ಸಿಗದೆ ಮುರುಟಿ ಹೋಗಿದ್ದವು. ಇನ್ನೊಂದು ಕಿತ್ತೆ. ಮತ್ತೊಂದು ಕಿತ್ತೆ. ಎಲ್ಲವೂ ತಲೆಕೆಳಗು. ಹನ್ನೊಂದರ ಸಾಲಿನತ್ತ ನೋಡಿದೆ. ಅಲ್ಲಿ ಎಲೆ ಬಿಟ್ಟದ್ದು ಚೂಪು ತುದಿ, ದಪ್ಪ ತುದಿ ಕೆಳಗಿತ್ತು.

ಆಗ ನಾನು ಮಾಡಿದ್ದೇನೆಂದು ಮುಚ್ಚಿಡದೆ ಹೇಳುತ್ತೇನೆ. ಕಿತ್ತ ಮೂರೂ ಕೋಡುಗಳನ್ನು ಚೀಲಕ್ಕೆ ಹಾಕಿಕೊಂಡೆ. ಹುಡುಗರು ಬಂದಾಗ ಇವತ್ತು ಹಕ್ಕಿಗಳ ಬಗ್ಗೆ ಪಾಠ ಎಂದೆ. ಮನೆಗೆ ಬಂದು ಕೋಡುಗಳನ್ನು ಪೇಪರಿನಲ್ಲಿ ಸುತ್ತಿ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಹಿಂದೆ ಇಟ್ಟೆ. ಹನ್ನೊಂದು ಹೇಗೆ ಬದುಕಿದವು ಎಂಬ ಪ್ರಶ್ನೆಯನ್ನೂ ಅದೇ ಖಾನೆಯಲ್ಲಿ ಇಟ್ಟಿದ್ದೆ. ಯಾರೋ ಕೈತಪ್ಪಿನಿಂದ ಸರಿಯಾಗಿ ನೆಟ್ಟಿರಬೇಕು ಎಂದುಕೊಂಡೆ.

ತಪಸ್ಸಿನ ಕಾಲದಲ್ಲಿ ನಾವು ಕುಮ್ಸಾರಿಗೆ ಹೋಗಬೇಕು, ಅಂದರೆ ಫಾದರ್ ಎದುರು ಪಾಪ ಹೇಳಿಕೊಳ್ಳಬೇಕು. ಚಿಕ್ಕಂದಿನಿಂದ ನನ್ನದು ಒಂದೇ ಪಟ್ಟಿ: ಸಿಟ್ಟು, ಉದಾಸೀನ, ನೆರೆಯವರ ಬಗ್ಗೆ ಮಾತು. ಈ ಸಲ ಮರದ ಜಾಲರಿಯ ಆಚೆಗೆ ಮುಖ ಮಾಡಿ, ಕಾಂಡ್ಲಾ ಕೋಡಿನ ಚೂಪು ಮತ್ತು ದಪ್ಪ ತುದಿಗಳನ್ನು ವಿವರಿಸತೊಡಗಿದೆ. ಫಾದರಿಗೆ ಮೊದಲು ಇದು ಪಾಪವೋ ಪಾಠವೋ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಅರ್ಜಿಯ ವಿಷಯಕ್ಕೆ ಬಂದಾಗ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಆ ಅರ್ಜಿಗೆ ಆಮೇಲೆ ಅವರೂ ಸಹಿ ಹಾಕಿದ್ದರು.

"ಮೂರು ಸಲ ನಮೋ ಮರಿಯೆ ಪ್ರಾರ್ಥನೆ ಹೇಳಿ," ಎಂದರು ಕೊನೆಗೆ. "ಮತ್ತೆ ಆ ಹೆಂಗಸಿನ ಹತ್ತಿರ ಹೋಗಿ."

ಮೂರು ನಮೋ ಮರಿಯೆಗಳನ್ನು ನಾನು ಅಲ್ಲೇ, ಆ ಕ್ಷಣವೇ, ಮೊಣಕಾಲೂರಿ ಹೇಳಿ ಮುಗಿಸಿದೆ.

ಎರಡನೆಯ ಕೆಲಸಕ್ಕೆ ಹೊರಡುವ ಮೊದಲು ಸನ್ಮಾನ ಬಂತು. ಈಸ್ಟರ್ ಕಳೆದು ವಾರ್ಡಿನವರು ಯುವಕ ಮಂಡಲದ ಶಾಮಿಯಾನದಲ್ಲಿ ಒಂದು ಸಭೆ ಇಟ್ಟರು. ನೀಲಿ ಬಲೆಯ ಫೋಟೋ ದೊಡ್ಡದಾಗಿ ವೇದಿಕೆಯ ಹಿಂದೆ ಇತ್ತು. ನನಗೆ ಹಾರ, ಹಣ್ಣಿನ ಬುಟ್ಟಿ, ಶಾಲು. ಶಾಲು ಹೊದಿಸಲು ಕರೆದದ್ದು ಫಾದರನ್ನು. ಕುಮ್ಸಾರಿನಲ್ಲಿ ಕೇಳಿದ್ದನ್ನು ಅವರು ಪ್ರಾಣ ಹೋದರೂ ಹೊರಗೆ ಹೇಳುವ ಹಾಗಿಲ್ಲ, ಮುಖದಲ್ಲಿ ತೋರಿಸುವ ಹಾಗೂ ಇಲ್ಲ. ಇಡೀ ಸಭೆಯಲ್ಲಿ, ನನ್ನ ಲೆಕ್ಕದ ಪ್ರಕಾರ, ಸತ್ಯ ಗೊತ್ತಿದ್ದ ಒಬ್ಬರೇ ಒಬ್ಬರು ಬಂದು, ನನ್ನ ಹೆಗಲಿಗೆ ಶಾಲು ಹೊದಿಸಿ, ಕ್ಯಾಮೆರಾ ಕಡೆ ನಕ್ಕರು. ಆಗ ನನಗೆ ತಡೆಯಲಾಗಲಿಲ್ಲ. ನಾಚಿಕೆ ಎನ್ನುವುದು ಅಷ್ಟು ಹೊತ್ತಿಗೆ ಶಾಲಿನೊಳಗೆ ಬೆವರಾಗಿ ಇಳಿಯುತ್ತಿತ್ತು.

ಮೈಕಿನ ಎದುರು ನಿಂತು ನೇರವಾಗಿ ಹೇಳಿದೆ. "ಗಿಡಗಳು ಸತ್ತದ್ದು ನನ್ನಿಂದ. ನಾನು ತಪ್ಪು ಕಲಿಸಿದೆ. ಮರುವಾಯಿ ಹೆಕ್ಕುವವರು ಯಾವ ತಪ್ಪೂ ಮಾಡಿಲ್ಲ. ಈ ಸನ್ಮಾನಕ್ಕೆ ನಾನು ಯೋಗ್ಯಳಲ್ಲ."

ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ ಎಂದರೆ ಹಿಂದಿನ ಸಾಲಿನವರು ಎದ್ದು ನಿಂತರು. ಕಾರ್ಯಕ್ರಮ ನಿರೂಪಕ ಮೈಕು ತೆಗೆದುಕೊಂಡು, "ನೋಡಿದಿರಾ ಬಂಧುಗಳೇ, ಎಷ್ಟು ವಿನಯ! ವಿದ್ಯಾರ್ಥಿಗಳ ತಪ್ಪನ್ನೂ ತನ್ನ ಮೇಲೆ ಹಾಕಿಕೊಳ್ಳುವ ದೊಡ್ಡ ಮನಸ್ಸು!" ಎಂದ. ನಾನು ಮತ್ತೆ ಮೈಕಿಗೆ ಕೈ ಚಾಚಿದೆ. ಅವನು ಆ ಕೈಗೆ ಒಂದು ಎಳನೀರು ಕೊಟ್ಟ. ಫಾದರ್ ತಮ್ಮ ಶೂಗಳನ್ನು ನೋಡುತ್ತಿದ್ದರು.

ಸಭೆ ಮುಗಿದು ಜನ ಚದುರುವಾಗ ಚೆಂದದ ಅಕ್ಷರದ ಹುಡುಗಿ ನನ್ನ ಹಿಂದೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಮೇಡಂ, ಆ ಹನ್ನೊಂದು ನಾನು ನೆಟ್ಟದ್ದು."

"ಸರಿಯಾಗಿ ನೆಟ್ಟಿದ್ದೀ. ಹೇಗೆ ಗೊತ್ತಾಯಿತು?"

"ನಾನು ಕೊನೆಯ ಸಾಲಲ್ಲಿ ಇದ್ದೆ ಅಲ್ವಾ, ನೀರಿನ ಹತ್ತಿರ. ಮರುವಾಯಿಯ ಅಕ್ಕ ಕೂಗಿದ್ದು ನನಗೆ ಕೇಳಿಸ್ತು. ತಿರುಗಿಸಿ ನೆಡಿ, ತಲೆ ಕೆಳಗಾಗಿದೆ ಅಂತ ಹೇಳ್ತಿದ್ರು. ನನ್ನ ಕೈಯಲ್ಲಿ ಆಗ ಹನ್ನೊಂದು ಉಳಿದಿತ್ತು."

"ಮತ್ತೆ ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ನೀವು ಅವರ ಕಡೆ ನೋಡ್ಬೇಡಿ ಅಂದ್ರಲ್ಲ ಮೇಡಂ." ಅವಳು ಕಣ್ಣು ಒರೆಸಿಕೊಂಡಳು. "ಅರ್ಜಿ ಬರೆದಾಗ ಹೇಳ್ಬೇಕಿತ್ತು. ಸೈನ್ ಹಾಕಿದೆ. ಅಕ್ಕ ನಮ್ಮ ಮನೆಯ ಎದುರೇ ಇರುದು. ಈಗ ನಾನು ಹಿಂದಿನ ಬಾಗಿಲಿಂದ ಕಾಲೇಜಿಗೆ ಹೋಗ್ತೇನೆ."

ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟು ಮಂದಿಗೆ ಏನೇನು ಕಲಿಸಿದೆನೋ ಗೊತ್ತಿಲ್ಲ, ಈ ಹುಡುಗಿಗೆ ಹಿಂದಿನ ಬಾಗಿಲು ಕಲಿಸಿದ್ದು ಮಾತ್ರ ನಾನೇ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಆವರೆಗೆ ಯಾವ ವಿದ್ಯಾರ್ಥಿಯ ಮೇಲೂ ಬಂದಿರಲಿಲ್ಲ. ಹಣ್ಣಿನ ಬುಟ್ಟಿಯನ್ನು ಕುರ್ಚಿಯ ಮೇಲೆ ಬಿಟ್ಟು, "ನಡಿ, ಮುಂದಿನ ಬಾಗಿಲಿಂದ ಹೋಗುವ," ಎಂದೆ.

ಬೈರಾಸಿನಾಕೆ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಹೊಳೆಗೆ ಇಳಿಯಲಾಗದ ಮೇಲೆ ಮತ್ತೆ ಸೂಪು, ಅಂದರೆ ಬೀಡಿ ಎಲೆಯ ಮೊರ, ಹಿಡಿದಿದ್ದಾಳೆ ಎಂದು ಹುಡುಗಿ ದಾರಿಯಲ್ಲಿ ಹೇಳಿದ್ದಳು. ನಮ್ಮನ್ನು ನೋಡಿ ಎದ್ದಳು, ಕುರ್ಚಿ ಕೊಟ್ಟಳು, ನೀರು ಬೆಲ್ಲ ತಂದಿಟ್ಟಳು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ: ಚೂಪು ತುದಿ, ದಪ್ಪ ತುದಿ, ಅರ್ಜಿ, ಕಪಾಟು.

"ನನಗೆ ಗೊತ್ತುಂಟು ಬಾಯಿ," ಎಂದಳು ಆಕೆ. "ಅವತ್ತೇ ಹೇಳಿದೆನಲ್ಲ." ಅಂಗೈಯನ್ನು ಮೇಲೆ ಕೆಳಗೆ ಮಗುಚಿ ತೋರಿಸಿದಳು.

ಗಾಳಿಗೆ ಕೇಳಿಸಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ಪಕ್ಕದಲ್ಲಿದ್ದಳು. "ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ," ಎಂದೆ. "ಬಲೆ ತೆಗೆಸ್ತೇನೆ. ಇನ್ನೊಂದು ಅರ್ಜಿ ಬರೀತೇನೆ."

"ಬರೀರಿ. ನೀವು ಬರೆದದ್ದು ಆಗ್ತದೆ." ಆಕೆಯ ದನಿಯಲ್ಲಿ ಕುಹಕ ಇರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ಈ ವರ್ಷದ ಮರುವಾಯಿ ಹೋಯ್ತಲ್ಲ ಬಾಯಿ, ಅದಕ್ಕೂ ಒಂದು ಅರ್ಜಿ ಬರೀಲಿಕ್ಕೆ ಆಗ್ತದಾ?"

ನೀರು ಬೆಲ್ಲ ಹಾಗೇ ಇತ್ತು. ಕೊನೆಗೆ ಆಕೆಯೇ ಲೋಟ ಎತ್ತಿ ನನ್ನ ಕೈಗೆ ಕೊಟ್ಟಳು.

ಎರಡನೆಯ ಅರ್ಜಿಯನ್ನು ಮೊದಲನೆಯದಕ್ಕಿಂತ ಚೆನ್ನಾಗಿ ಬರೆದೆ. ಮೂರು ವಾರ ಆಯಿತು, ಐದು ವಾರ ಆಯಿತು. ಕಚೇರಿಗೇ ಹೋದೆ. ಅಲ್ಲಿನ ಗುಮಾಸ್ತರು ಸಜ್ಜನರು, ಫೈಲು ತೆಗೆದು ತೋರಿಸಿದರು. "ಮೇಡಂ, ಬೇಕು ಅಂತ ಬರ್ತದೆ, ಬೇಡ ಅಂತ ಯಾರೂ ಬರೆಯುದಿಲ್ಲ. ಇದನ್ನು ಯಾವ ಫೈಲಿಗೆ ಹಾಕುದು ಅಂತಲೇ ನಮಗೆ ಗೊತ್ತಾಗ್ತಾ ಇಲ್ಲ. ಕೆಲಸ ಆಗಿದೆ ಅಂತ ಮೇಲೆ ರಿಪೋರ್ಟ್ ಹೋಗಿ ಆಯ್ತು." ಆಮೇಲೆ ದನಿ ತಗ್ಗಿಸಿದರು. "ಗಾಳಿಮಳೆಗೆ ಬಲೆ ಹರಿದು ಹೋದ್ರೆ ಅದಕ್ಕೆ ಯಾರೂ ಜವಾಬ್ದಾರರಲ್ಲ."

ಮೇ ತಿಂಗಳ ಆ ಭಾನುವಾರ ಗಾಳಿಯೂ ಇರಲಿಲ್ಲ, ಮಳೆಯೂ ಇರಲಿಲ್ಲ. ನಾವಿದ್ದೆವು. ಹದಿನಾಲ್ಕು ಮಂದಿಯೂ ಬಂದಿದ್ದರು. ಹುಡುಗರಿಗೆ ಮೊದಲೇ ಎಲ್ಲ ಹೇಳಿದ್ದೆ. ಕಪಾಟಿನ ಮೂರು ಕೋಡುಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದರು, ಒಬ್ಬನೂ ನಗಲಿಲ್ಲ. ಚಪ್ಪಲಿ ಕಳೆದುಕೊಂಡವನು ಮಾತ್ರ, "ಮೇಡಂ, ಹಾಗಾದ್ರೆ ನನ್ನ ಚಪ್ಪಲಿ ಕೂಡ ತಲೆಕೆಳಗೆ ಹೋದದ್ದಾ?" ಎಂದು ಕೇಳಿದ. ಆಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಸಲ ನಾನು ಸೀರೆ ಉಟ್ಟಿರಲಿಲ್ಲ, ಹಳೆಯ ಚೂಡಿದಾರ ಹಾಕಿ ಮೊಣಕಾಲಿನ ತನಕ ಕೆಸರಿನಲ್ಲಿದ್ದೆ. ನೀರು ಇಳಿಯುವ ಹೊತ್ತನ್ನು ಹುಡುಗಿಯನ್ನು ಕೇಳಿಯೇ ಹೊರಟಿದ್ದೆ. ಹಗ್ಗ ಬಿಚ್ಚಿ, ಬಲೆ ಸುತ್ತಿ, ಕಂಬಕ್ಕೆ ಒರಗಿಸಿಟ್ಟೆವು. ಬೋರ್ಡು ಕಿತ್ತರೆ ಕೇಸು ಆಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅದನ್ನು ಹಾಗೇ ಬಿಟ್ಟೆವು.

ಬೈರಾಸಿನಾಕೆ ಇನ್ನಿಬ್ಬರು ಹೆಂಗಸರೊಂದಿಗೆ ಪಾತ್ರೆ ಹಿಡಿದು ಬಂದಳು. ಪ್ರವೇಶ ನಿಷೇಧಿಸಿದೆ ಎಂಬ ಬೋರ್ಡಿಗೆ ತನ್ನ ಬುತ್ತಿಯ ಚೀಲ ನೇತುಹಾಕಿ ಕೆಸರಿಗೆ ಇಳಿದಳು. ಮಳೆ ಶುರುವಾದ ಮೇಲೆ ಕೋಡು ಉದುರುವಾಗ ಹುಡುಗರಿಗೆ ನೆಡುವುದನ್ನು ನೀವೇ ತೋರಿಸಬೇಕು ಎಂದು ಕೇಳಿಕೊಂಡೆ. "ಅದಕ್ಕೆ ಎಂತ ತೋರಿಸುದು, ಮರದಲ್ಲಿ ಇದ್ದ ಹಾಗೆ ಕೆಳಗೆ ಇಟ್ರೆ ಆಯ್ತು," ಎಂದಳು. ಬರುವುದಿಲ್ಲ ಎಂದೂ ಹೇಳಲಿಲ್ಲ.

ನಾನು ಆಕೆಯ ಹಿಂದೆ ನಡೆದೆ, ನೀರಿನ ತನಕ. ಆಕೆ ದಂಡೆಯಿಂದ ನೇರವಾಗಿ ಇಳಿದು, ಹನ್ನೊಂದು ಗಿಡಗಳ ಸಾಲು ಬಂದಲ್ಲಿ ಎಡಕ್ಕೆ ತಿರುಗಿದಳು. ಪಾತ್ರೆಯನ್ನು ಗಿಡಗಳಿಗೆ ತಾಗದ ಹಾಗೆ ಆಚೆ ಸೊಂಟಕ್ಕೆ ಬದಲಾಯಿಸಿಕೊಂಡು, ಸಾಲನ್ನು ಪೂರ್ತಿ ಬಳಸಿ, ಆಮೇಲೆ ನೀರಿಗೆ ಇಳಿದಳು. ಹಿಂದಿನಿಂದ ಬಂದ ಇಬ್ಬರೂ ಹಾಗೆಯೇ ಬಳಸಿದರು. ಮೂವರ ಹೆಜ್ಜೆಯಿಂದ ಕೆಸರಿನಲ್ಲಿ ಅರ್ಧ ಬಳೆಯಂತಹ ಒಂದು ಗೆರೆ ಮೂಡಿತು.

"ಇಲ್ಲಿಂದಲೇ ಅಲ್ವಾ ನೀವು ಮೊದಲೂ ಇಳಿಯುತ್ತಿದ್ದದ್ದು?" ಎಂದು ಕೇಳಿದೆ.

"ಮತ್ತೆ? ಇದೇ ದಾರಿ. ಈ ಮಗು ನೆಟ್ಟದ್ದು ಸರಿಯಾಗಿ ದಾರಿಯ ನಡುವೆ," ಎಂದು ಹುಡುಗಿಯ ಕಡೆ ನೋಡಿದಳು. "ಚಿಗುರಿತ್ತಲ್ಲ, ಇನ್ನು ತುಳಿಯುದು ಹೇಗೆ ಅಂತ ಆವತ್ತಿಂದಲೇ ಸುತ್ತು ಹಾಕಿ ಹೋಗ್ತಿದ್ದೆವು."

ನನ್ನ ನೋಟ್ ಪುಸ್ತಕ ಚೀಲದಲ್ಲಿತ್ತು. ಇಳಿಯುವ ನೀರು ಕೊರೆದ ಗುರುತು ಎಂದು ನಾನು ಬರೆಸಿದ ಪುಟ ಅದರಲ್ಲಿ ಇದೆ, ಇನ್ನು ಹದಿನಾಲ್ಕು ಪುಸ್ತಕಗಳಲ್ಲೂ ಇದೆ. ಅಳಿಸಿ ಎಂದು ಯಾರಿಗೂ ಹೇಳಲಿಲ್ಲ. ಕೆಸರಿನಲ್ಲಿ ಮೂಡಿದ ಆ ಗೆರೆಯ ಮೇಲೆ ಹೆಜ್ಜೆ ಇಟ್ಟು, ಸಾಲನ್ನು ಬಳಸಿ, ನಾನೂ ನೀರಿಗೆ ಇಳಿದೆ.